ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಎಷ್ಟು ದೂರ?

ಗೆಳೆಯರೇ, ಹೋದ ತಿಂಗಳು ನಾನು ತರಗತಿಯ ಗೋಡೆ ನಕ್ಷೆಯ ಮೇಲೆ ಸ್ಕೇಲಿಟ್ಟು, ಬೆಂಗಳೂರಿನಿಂದ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರಕ್ಕೆ ನೇರ ಗೆರೆ ಎಳೆದಿದ್ದೆ (ಪೆನ್ಸಿಲಿನಲ್ಲಿ, ಆಮೇಲೆ ಅಳಿಸಿದೆ). ಗೆರೆ ಅರಬ್ಬೀ ಸಮುದ್ರ, ಆಫ್ರಿಕ, ಅಟ್ಲಾಂಟಿಕ್ ಸಾಗರ ದಾಟಿ ಹೋಯಿತು. "ವಿಮಾನ ಹೋಗೋದು ಇದೇ ದಾರೀಲಿ" ಅಂತ ಎಲ್ಲರಿಗೂ ಹೇಳಿಬಿಟ್ಟೆ. ಅದು ತಪ್ಪು. ತಿದ್ದೋದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಭೂಮಿ ಚೆಂಡಿನ ಹಾಗೆ ದುಂಡಗಿದೆ. ನಕ್ಷೆಯಲ್ಲಿ ಅದನ್ನು ಚಪಾತಿಯಂತೆ ಹರಡಿರುತ್ತಾರೆ. ಹರಡುವಾಗ ಧ್ರುವದ ಕಡೆಯ ಭಾಗಗಳು ಹಿಗ್ಗಿಬಿಡುತ್ತವೆ. ಆದ್ದರಿಂದ ನಕ್ಷೆಯ ನೇರ ಗೆರೆ ಹತ್ತಿರದ ದಾರಿ ಅಲ್ಲ. ನನ್ನ ಗೆರೆ ಹಿಡಿದು ಹೋದರೆ 20,000 ಕಿ.ಮೀ. ಮೀರುತ್ತದೆ!

ಈಗ ಶಾಲೆಯ ಗ್ಲೋಬು ತಗೊಳ್ಳಿ. ಭೂಮಧ್ಯರೇಖೆಯ ಸುತ್ತ ದಾರ ಸುತ್ತಿ ಅಳೆಯಿರಿ. ನನಗೆ 60 ಸೆಂ.ಮೀ. ಬಂತು. ಭೂಮಿಯ ನಿಜವಾದ ಸುತ್ತಳತೆ ಸುಮಾರು 40,000 ಕಿ.ಮೀ. ಆಮೇಲೆ ಆ ಎರಡು ಊರುಗಳ ನಡುವೆ ದಾರವನ್ನು ಬಿಗಿಯಾಗಿ ಎಳೆಯಿರಿ. ದಾರ ತಾನೇ ಜಾರಿಕೊಂಡು ಹತ್ತಿರದ ದಾರಿ ಹಿಡಿಯುತ್ತೆ. ಪಶ್ಚಿಮಕ್ಕಲ್ಲ, ಉತ್ತರಕ್ಕೆ! ಟಿಬೆಟ್, ಮಂಗೋಲಿಯ, ಸೈಬೀರಿಯ, ಅಲಾಸ್ಕ ಎಲ್ಲ ಸಿಗುತ್ತವೆ. ದಾರದ ಉದ್ದ 21 ಸೆಂ.ಮೀ. ಅಂದರೆ 40,000 × 21 ÷ 60 = 14,000 ಕಿ.ಮೀ. ಪುಸ್ತಕದ ಲೆಕ್ಕವೂ ಸುಮಾರು 13,990. ದಾರ ಸುಳ್ಳು ಹೇಳಲಿಲ್ಲ.

ಆದರೆ ವಿಮಾನ ದಾರದ ಮೇಲೇ ಹೋಗೋದಿಲ್ಲ. ಎತ್ತರದಲ್ಲಿ ಹಾರುವಾಗ ಒಳಗಿನ ಗಾಳಿಯ ಒತ್ತಡ ಕಡಿಮೆಯಾದರೆ ತಕ್ಷಣ ಕೆಳಗಿಳಿಯಬೇಕು. ಟಿಬೆಟ್ಟಿನಲ್ಲಿ ಇಳಿಯಲು ಜಾಗವೆಲ್ಲಿ? ನೆಲವೇ ಅಷ್ಟು ಎತ್ತರ. ಹಾಗಾಗಿ ಸುತ್ತಿ ಹೋಗುತ್ತಾರೆ. ಇನ್ನೊಂದು, ಮೇಲ್ಗಡೆ ಪಶ್ಚಿಮದಿಂದ ಪೂರ್ವಕ್ಕೆ ಜೋರು ಗಾಳಿ ಬೀಸುತ್ತೆ. ಎದುರುಗಾಳಿಗೆ ಹೋದರೆ ಹೊತ್ತೂ ಹೆಚ್ಚು, ಇಂಧನವೂ ಹೆಚ್ಚು.

2021ರ ಜನವರಿಯಲ್ಲಿ ಏರ್ ಇಂಡಿಯಾದ ವಿಮಾನ ಮೊದಲ ಸಲ ಅಲ್ಲಿಂದ ಬೆಂಗಳೂರಿಗೆ ಎಲ್ಲೂ ನಿಲ್ಲದೆ ಬಂತು, ಅದೂ ಉತ್ತರ ಧ್ರುವದ ಮೇಲಿಂದ! ನಡೆಸಿದವರೆಲ್ಲ ಮಹಿಳೆಯರೇ. ಕ್ಯಾಪ್ಟನ್ ಜೋಯಾ ಅಗರ್ವಾಲ್.

ಈಗ ಗಡಿಯಾರದ ತಮಾಷೆ ನೋಡಿ. ಅಲ್ಲಿ ಹೊರಡುವ ವೇಳೆ 9ನೇ ತಾರೀಖು ಶನಿವಾರ ರಾತ್ರಿ 8.30. ಇಲ್ಲಿ ಇಳಿದದ್ದು 11ನೇ ತಾರೀಖು ಸೋಮವಾರ ಬೆಳಗಿನ ಜಾವ. ಬೆರಳೆಣಿಸಿದರೆ 30 ಗಂಟೆಗೂ ಹೆಚ್ಚು. ಪ್ರಯಾಣ ಮಾತ್ರ ಸುಮಾರು 17 ಗಂಟೆ. ಮಿಕ್ಕಿದ್ದೆಲ್ಲಿ ಹೋಯ್ತು? ಎಲ್ಲೂ ಹೋಗಿಲ್ಲ. ಚಳಿಗಾಲದಲ್ಲಿ ನಮ್ಮ ಗಡಿಯಾರ ಅವರಿಗಿಂತ ಹದಿಮೂರೂವರೆ ಗಂಟೆ ಮುಂದಿರುತ್ತೆ. ಅವರಿಗೆ ಶನಿವಾರ ರಾತ್ರಿ 8.30 ಆದಾಗ ನಮಗೆ ಭಾನುವಾರ ಬೆಳಿಗ್ಗೆ 10. ಅಲ್ಲಿಂದ ಎಣಿಸಿ, ಲೆಕ್ಕ ಸರಿಹೋಗುತ್ತೆ.

ದಾರ ನನ್ನ ಹತ್ತಿರ ಇದೆ, ಬೇಕಾದವರು ಇಸ್ಕೊಳ್ಳಿ. ಗ್ಲೋಬನ್ನು ಮಾತ್ರ ಮೆಲ್ಲಗೆ ತಿರುಗಿಸಿ. ಉತ್ತರ ಧ್ರುವದ ಮೊಳೆ ಸಡಿಲವಾಗಿದೆ.