ನಿಮಗಿದು ಗೊತ್ತೆ? ಹಿತ್ತಲ ಚಪ್ಪರದವರೆ

ಪಾಶ್ಚಾತ್ಯರ ಬ್ರಾಡ್ ಬೀನ್ಸ್ ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಿತ್ತಲಿನ ಬೆಳೆಯಲ್ಲ. ಇಲ್ಲಿ ಆ ಜಾಗ ಚಪ್ಪರದವರೆಯದು.

ಮಳೆಗಾಲದಲ್ಲಿ ಬೀಜ ಊರಿದರೂ ನಾಟಿ ತಳಿಗಳು ಹೂ ಬಿಡುವುದು ಹಗಲು ಚಿಕ್ಕದಾದ ಮೇಲೆಯೇ. ಗೊಬ್ಬರ ಸುರಿದು ಅವಸರಪಡಿಸಿದರೆ ಬಳ್ಳಿ ಬರೀ ಎಲೆ ತುಂಬಿಕೊಳ್ಳುತ್ತದೆ. ಇಬ್ಬನಿ ಬೀಳುವ ದಿನಗಳಲ್ಲಿ ಕಾಯಿ ಬಿಡಿಸಿದವರ ಬೆರಳಿಗೆ ಅಂಟುವ ಸೊಗಡು ಕಾಳಿನದಲ್ಲ. ಸಿಪ್ಪೆಯ ಮೇಲಿನ ಎಣ್ಣೆಯಂಥ ಜಿಡ್ಡಿನದು. ಅದರಲ್ಲಿರುವ ಕೊಬ್ಬಿನಾಮ್ಲಗಳೇ ಆ ವಾಸನೆಗೆ ಕಾರಣ.

ಬಯಲುಸೀಮೆಯವರು ಹೊಲದವರೆಯ ಕಾಳನ್ನಷ್ಟೇ ಬಿಡಿಸಿಕೊಂಡು, ನೆನೆಸಿ, ಹಿದುಕಿ ಸಾರು ಮಾಡುತ್ತಾರೆ. ಚಪ್ಪರದವರೆಯ ಎಳೆಗಾಯಿಗೆ ಅಷ್ಟು ಉಪಚಾರ ಬೇಡ. ತೊಟ್ಟು ಮುರಿದು ಎರಡೂ ಅಂಚಿನ ನಾರು ಎಳೆದು, ಸಣ್ಣಗೆ ಹೆಚ್ಚಿ. ತೆಂಗಿನೆಣ್ಣೆಯಲ್ಲಿ ಉದ್ದಿನಬೇಳೆ, ಸಾಸಿವೆ, ಒಣಮೆಣಸಿನ ಒಗ್ಗರಣೆ. ಅರಿಸಿನ, ಉಪ್ಪು, ಚೂರು ಬೆಲ್ಲ ಹಾಕಿ ಮುಚ್ಚಿ ಬೇಯಿಸಿ, ಕೊನೆಗೆ ಹಸಿ ಕಾಯಿತುರಿ. ಈ ಪಲ್ಯಕ್ಕೆ ಈರುಳ್ಳಿ, ಮಸಾಲೆ ಸೇರಿಸಿದರೆ ಅವರೆಯ ರುಚಿಯೇ ಮುಚ್ಚಿಹೋಗುತ್ತದೆ. ಬಲಿತ ಕಾಯಿಯ ಕಾಳು ಹುಳಿಗೆ ಸರಿ.

ಅವರೆಯೊಂದಿಗೆ ಈ ಸೀಮೆಯ ನಂಟು ಹಳೆಯದು. ನೆರೆಯ ಹಾವೇರಿ ಜಿಲ್ಲೆಯ ಹಳ್ಳೂರಿನ ಪ್ರಾಚೀನ ನೆಲೆಯಲ್ಲಿ ಸಿಕ್ಕ ಅವರೆಯ ಅವಶೇಷಗಳು ಕ್ರಿ.ಪೂ. 1500ಕ್ಕೂ ಹಿಂದಿನವೆಂದು ಸಂಶೋಧಕರು ಗುರುತಿಸಿದ್ದಾರೆ.

ಒಂದು ಎಚ್ಚರಿಕೆ: ಒಣಗಿದ ಅವರೆಕಾಳಿನಲ್ಲಿ ಸಯನೈಡ್ ಹೊರಡಿಸುವ ಅಂಶವಿರುತ್ತದೆ. ರಾತ್ರಿ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಚೆನ್ನಾಗಿ ಕುದಿಸಿಯೇ ತಿನ್ನಿ.