ಮಗಳು ಕೀನ್ಯಾಕ್ಕೆ ಹೊರಟರೆ ಅಮ್ಮ ಏನೇನು ಕೇಳಬೇಕು?

"ಪಾಠ ಹೇಳಿಕೊಡೋಕೆ ಇಲ್ಲಿ ಮಕ್ಕಳಿಲ್ವಾ? ಅದಕ್ಕೆ ಆಫ್ರಿಕಾಕ್ಕೇ ಹೋಗ್ಬೇಕಾ?"

ಬೆಳಿಗ್ಗೆ ಉಪ್ಪಿಟ್ಟಿಗೆ ಒಗ್ಗರಣೆ ಹಾಕುತ್ತಿದ್ದಾಗ ಅಮ್ಮನ ಫೋನು. ಧ್ವನಿ ನಡುಗುತ್ತಿತ್ತು. ನಾನು ಕಿವಿಗೊಟ್ಟು ನಿಂತೆ, ಬಾಣಲೆಯಲ್ಲಿ ಸಾಸಿವೆ ಸೀದು ಹೋಯಿತು. ವಿಷಯ ಇಷ್ಟೇ. 26 ವರ್ಷದ ನನ್ನ ತಂಗಿ, ವಿಜ್ಞಾನದ ಟೀಚರ್, ಮೂರು ತಿಂಗಳು ಕೀನ್ಯಾದ ಕಿಸುಮು ಎಂಬ ಊರಿನಲ್ಲಿ ಸ್ವಯಂಸೇವಕಿಯಾಗಿ ಕೆಲಸ ಮಾಡ್ತೀನಿ ಅಂತ ಹಟ ಹಿಡಿದಿದ್ದಳು. "ನೀನೇ ಹೇಳಿ ಬಿಡಿಸು, ನಿನ್ನ ಮಾತಾದ್ರೆ ಕೇಳ್ತಾಳೆ" ಅಂತ ಅಮ್ಮನ ಅಪ್ಪಣೆ.

ಬಿಡಿಸೋಣ ಅಂತಲೇ ಹೊರಟೆ. ಆದರೆ 2009ರ ನೆನಪು ಬಂತು. ಆಗ ಉತ್ತರ ಕರ್ನಾಟಕದಲ್ಲಿ ನೆರೆ. ಕಾಲೇಜಿನ ಎನ್ನೆಸ್ಸೆಸ್ ತಂಡದ ಜತೆ ರಾಯಚೂರಿಗೆ ಹೋಗ್ತೀನಿ ಅಂದಾಗ ಅಪ್ಪ "ಬೇಡ ಅಂದ್ರೆ ಬೇಡ" ಅಂದಿದ್ದರು. ಯಾಕೆ ಅಂತ ಹೇಳಲಿಲ್ಲ, ನಾನೂ ಕೇಳಲಿಲ್ಲ. ಹದಿನೈದು ವರ್ಷ ದಾಟಿದರೂ ಅದು ಎಲ್ಲೋ ಚುಚ್ಚುತ್ತದೆ. ತಂಗಿಗೆ ಬೇಡ ಅನ್ನೋದಾದರೆ ಕಾರಣ ಕೊಟ್ಟೇ ಅನ್ನಬೇಕು ಅನ್ನಿಸಿತು. ನೋಟ್‌ಬುಕ್ ಹಿಡಿದು ಮೂವರೂ ಅಡುಗೆಮನೆಯಲ್ಲಿ ಕೂತೆವು.

ಅಮ್ಮನ ಭಯದ ಪಟ್ಟಿ

ಮೊದಲು ಅಮ್ಮನ ಭಯಗಳನ್ನು ಬರೆದುಕೊಂಡೆ. ಭಯೋತ್ಪಾದಕರು, ಎಬೋಲಾ, ಸಿಂಹ! ನಗಬೇಡಿ, ನಮ್ಮ ಮನೆಗಳಲ್ಲಿ ಆಫ್ರಿಕಾ ಅಂದರೆ ಟಿ.ವಿ.ಯಲ್ಲಿ ಕಂಡದ್ದೇ ತಾನೆ?

ಭಯೋತ್ಪಾದನೆ ಸುಳ್ಳಲ್ಲ. 2013ರಲ್ಲಿ ನೈರೋಬಿಯ ವೆಸ್ಟ್‌ಗೇಟ್ ಮಾಲ್‌ನಲ್ಲಿ 67 ಜನ ಸತ್ತರು. 2015ರಲ್ಲಿ ಗರಿಸ್ಸಾ ವಿಶ್ವವಿದ್ಯಾಲಯದಲ್ಲಿ 148 ಜನ. ಆದರೆ ನಕ್ಷೆ ತೆಗೆದು ನೋಡಿದೆವು. ಗರಿಸ್ಸಾ ಇರುವುದು ಪೂರ್ವಕ್ಕೆ, ಸೊಮಾಲಿಯಾ ಕಡೆ. ಕಿಸುಮು ಪಶ್ಚಿಮದಲ್ಲಿ, ವಿಕ್ಟೋರಿಯಾ ಸರೋವರದ ದಡದಲ್ಲಿ. ಕಾಶ್ಮೀರದಲ್ಲಿ ಗಲಾಟೆ ಅಂತ ಮೈಸೂರು ದಸರಾಕ್ಕೆ ಬರುವುದನ್ನು ಬಿಟ್ಟರೆ ಹೇಗೆ? 2014ರ ದೊಡ್ಡ ಎಬೋಲಾ ಹಬ್ಬಿದ್ದು ಗಿನಿ, ಲೈಬೀರಿಯಾ, ಸಿಯೆರಾ ಲಿಯೋನ್‌ನಲ್ಲಿ, ಅಂದರೆ ಖಂಡದ ಇನ್ನೊಂದು ತುದಿಯಲ್ಲಿ.

ಹಾಗಂತ ಕಿಸುಮು ತಣ್ಣಗಿರುವ ಊರೂ ಅಲ್ಲ. 2007ರ ಡಿಸೆಂಬರ್ ಚುನಾವಣೆಯ ನಂತರದ ಗಲಭೆಯಲ್ಲಿ ಕೀನ್ಯಾದಲ್ಲಿ ಸಾವಿರಕ್ಕೂ ಹೆಚ್ಚು ಜನ ಸತ್ತಾಗ ಈ ಊರೂ ಹೊತ್ತಿ ಉರಿದಿತ್ತು. 2024ರ ಜೂನ್‌ನಲ್ಲಿ ತೆರಿಗೆ ವಿರುದ್ಧ ದೇಶದಾದ್ಯಂತ ಪ್ರತಿಭಟನೆ ನಡೆದಾಗ ಭಾರತೀಯ ಹೈಕಮಿಷನ್ ನಮ್ಮವರಿಗೆ ಹುಷಾರಾಗಿರಿ ಅಂತ ಸೂಚನೆ ಕೊಟ್ಟಿತ್ತು. ಚುನಾವಣೆ ಆಸುಪಾಸಿನ ತಿಂಗಳುಗಳಲ್ಲಿ ಹೋಗೋದೇ ಬೇಡ ಅಂತ ತಂಗಿಯೇ ಬರೆದುಕೊಂಡಳು.

ಪಟ್ಟಿಯಲ್ಲಿ ಇಲ್ಲದ್ದು

ಆದರೆ ನಿಜಕ್ಕೂ ಹೆದರಬೇಕಾದ್ದು ಅಮ್ಮನ ಪಟ್ಟಿಯಲ್ಲಿ ಇರಲೇ ಇಲ್ಲ. ಮೊದಲನೆಯದು ರಸ್ತೆ. ಅಲ್ಲಿ 'ಬೋಡಾ ಬೋಡಾ' ಅಂತ ಬಾಡಿಗೆ ಬೈಕುಗಳಿವೆ. ಅಗ್ಗ, ಎಲ್ಲೆಂದರಲ್ಲಿ ಸಿಗುತ್ತವೆ, ಅಪಘಾತವೂ ಜಾಸ್ತಿ. ಹೆಲ್ಮೆಟ್ ಇಲ್ಲದ ಬೈಕು ಹತ್ತಕೂಡದು, ರಾತ್ರಿ ಬಸ್ಸಿನ ಪ್ರಯಾಣ ಬೇಡವೇ ಬೇಡ.

ಎರಡನೆಯದು ಸೊಳ್ಳೆ. ಎತ್ತರದಲ್ಲಿರುವ ನೈರೋಬಿಯಲ್ಲಿ ಮಲೇರಿಯಾ ಕಡಿಮೆ, ಸರೋವರದ ದಡದ ಕಿಸುಮುವಿನಲ್ಲಿ ಹೆಚ್ಚು. ಅದೂ ಮಿದುಳಿಗೆ ಏರಬಲ್ಲ ಜಾತಿಯದ್ದು. ಮಾತ್ರೆಯನ್ನು ಹೊರಡುವ ಮೊದಲೇ ಶುರು ಮಾಡಿ, ವಾಪಸ್ ಬಂದ ಮೇಲೂ ವೈದ್ಯರು ಹೇಳಿದಷ್ಟು ದಿನ ನುಂಗಬೇಕು. ಬಂದ ಎಷ್ಟೋ ವಾರದ ನಂತರ ಜ್ವರ ಬಂದರೂ "ಕೀನ್ಯಾಕ್ಕೆ ಹೋಗಿದ್ದೆ" ಅಂತ ಡಾಕ್ಟರಿಗೆ ಮೊದಲು ಹೇಳಬೇಕು. ಹಳದಿ ಜ್ವರದ ಲಸಿಕೆಯನ್ನು ಹೊರಡುವುದಕ್ಕೆ ಕನಿಷ್ಠ 10 ದಿನ ಮುಂಚೆ, ಸರ್ಕಾರ ಮಾನ್ಯ ಮಾಡಿದ ಕೇಂದ್ರದಲ್ಲೇ ಹಾಕಿಸಬೇಕು. ಸರ್ಟಿಫಿಕೇಟ್ ಇಲ್ಲದೆ ವಾಪಸ್ ಬಂದರೆ ನಮ್ಮ ವಿಮಾನ ನಿಲ್ದಾಣದವರೇ 6 ದಿನದವರೆಗೆ ಬೇರೆ ಇರಿಸಬಹುದು. ಇನ್ನು ಸರೋವರ ಎಷ್ಟೇ ಚೆನ್ನಾಗಿದ್ದರೂ ನೀರಿಗೆ ಇಳಿಯಬಾರದು. ಬಸವನಹುಳುವಿನಿಂದ ಬರುವ ಒಂದು ಹುಳ ಚರ್ಮದೊಳಗೇ ಹೊಕ್ಕುತ್ತದಂತೆ! ಇದನ್ನು ಕೇಳಿದ ಅಮ್ಮ ಸಿಂಹವನ್ನು ಮರೆತೇಬಿಟ್ಟರು.

ನಮ್ಮನ್ನು ಪ್ರಶ್ನೆ ಕೇಳಿದವರು

ಎಲ್ಲಕ್ಕಿಂತ ದೊಡ್ಡ ವಿಷಯ ಕರೆಸಿಕೊಳ್ಳುವ ಸಂಸ್ಥೆ. ತಂಗಿ ಮೊದಲು ಆರಿಸಿಕೊಂಡದ್ದು ಒಂದು ಅನಾಥಾಲಯ. ಒಂದೂವರೆ ಲಕ್ಷ ರೂಪಾಯಿ ಶುಲ್ಕ, ವಾರದೊಳಗೆ ಕಟ್ಟಬೇಕು. ಅವಳು ಏನು ಓದಿದ್ದಾಳೆ ಅಂತ ಕೂಡ ಕೇಳಲಿಲ್ಲ. "ಪ್ರವಾಸಕ್ಕೆ ಅಂತ ಬರೆಸಿ ಬನ್ನಿ, ಸಾಕು" ಅಂದರು. 2024ರಿಂದ ಕೀನ್ಯಾ ವೀಸಾ ಬದಲು ಆನ್‌ಲೈನ್ ಪ್ರವೇಶ ಅನುಮತಿ ಕೊಡುತ್ತಿದೆ, ನಿಜ. ಆದರೆ ಸಂಬಳವಿಲ್ಲದ ಕೆಲಸವೇ ಆದರೂ ಅದಕ್ಕೆ ಬೇರೆ ಪರವಾನಗಿ ಬೇಕು. ಸಿಕ್ಕಿಬಿದ್ದರೆ ತೊಂದರೆ ಸಂಸ್ಥೆಗಲ್ಲ, ಹುಡುಗಿಗೆ. ಅಷ್ಟೇ ಅಲ್ಲ, ವಿದೇಶಿಯರ ಹಣಕ್ಕಾಗಿ ಅಪ್ಪ ಅಮ್ಮ ಇರುವ ಮಕ್ಕಳನ್ನೇ ತಂದು ಅನಾಥರೆಂದು ತೋರಿಸುವ ದಂಧೆ ನೇಪಾಳ, ಕಾಂಬೋಡಿಯಾದಂಥ ಕಡೆ ಬಯಲಾಗಿದೆ. ಕೀನ್ಯಾ ಸರ್ಕಾರವೇ 2017ರಲ್ಲಿ ಹೊಸ ಅನಾಥಾಲಯಗಳ ನೋಂದಣಿ ನಿಲ್ಲಿಸಿತ್ತು. ತಂಗಿ ಎರಡು ದಿನ ಮುಖ ಊದಿಸಿಕೊಂಡಿದ್ದು, ಆಮೇಲೆ ತಾನೇ ಬೇಡ ಅಂದಳು.

ಎರಡನೆಯದು ಒಂದು ಶಾಲೆ. ಅವರು ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್ ಕೇಳಿದರು, ಪರಿಚಯ ಇರುವ ಇಬ್ಬರ ಪತ್ರ ಕೇಳಿದರು, ಮುಕ್ಕಾಲು ಗಂಟೆ ಸಂದರ್ಶನ ಮಾಡಿದರು. "ನಮ್ಮ ಹುಡುಗಿ ಏನು ಕಳ್ಳಿಯಾ?" ಅಂತ ಅಮ್ಮನಿಗೆ ಸಿಟ್ಟು. ನನಗೆ ಮಾತ್ರ ನೆಮ್ಮದಿ ಆಯಿತು. ನಮ್ಮ ಹುಡುಗಿಯನ್ನು ಇಷ್ಟು ವಿಚಾರಿಸುವವರು ಪಕ್ಕದ ಕೋಣೆಯಲ್ಲಿ ಇರುವವನನ್ನೂ ವಿಚಾರಿಸಿರುತ್ತಾರೆ, ಅಲ್ವೇ?

ಆಮೇಲೆ ನಾವು ಕೇಳಿದೆವು. ಯಾರ ಮನೆಯಲ್ಲಿ ವಾಸ? ಆ ಮನೆಯಲ್ಲಿ ಇನ್ಯಾರು ಮಲಗುತ್ತಾರೆ? ಕೋಣೆಗೆ ಒಳಗಿನಿಂದ ಚಿಲಕ ಇದೆಯಾ? ಆಸ್ಪತ್ರೆ ಎಷ್ಟು ದೂರ? ನಡುರಾತ್ರಿ ಫೋನ್ ಎತ್ತುವವರು ಯಾರು? ಹಿಂದೆ ಹೋಗಿ ಬಂದ ಹೆಣ್ಣುಮಗಳ ನಂಬರ್ ಕೊಡಿ ಅಂದೆವು. ಕೊಟ್ಟರು, ಪುಣೆಯವರು. "ಒಂದು ಸಲ ಮನೆಯವರ ನೆಂಟನೊಬ್ಬ ಕುಡಿದು ಬಂದು ಬಾಗಿಲು ಬಡಿದ. ಬೆಳಿಗ್ಗೆ ಶಾಲೆಗೆ ಹೇಳಿದೆ, ಸಂಜೆಯೊಳಗೆ ಮನೆ ಬದಲಾಯಿಸಿದರು" ಅಂದರು. ಅಮ್ಮ ಬೆಚ್ಚಿಬಿದ್ದರು. ನಾನು ನಂಬಿದ್ದು ಆ ಮಾತಿನ ಮೇಲೇ. ಎಲ್ಲಾ ಚೆನ್ನಾಗಿದೆ ಅಂತಷ್ಟೇ ಹೇಳಿದ್ದರೆ ನನ್ನ ಅನುಮಾನ ಹೋಗುತ್ತಿರಲಿಲ್ಲ.

ತುರ್ತಿನಲ್ಲಿ ವಿಮಾನದಲ್ಲಿ ನೈರೋಬಿಗೆ ಸಾಗಿಸುವ ಖರ್ಚೂ ಸೇರಿರುವ ವಿಮೆ ಮಾಡಿಸಿದ್ದೇವೆ. ಕಂತು ಕೇಳಿ ನನ್ನವರು ಹುಬ್ಬೇರಿಸಿದರು, ನಾನು ಬಗ್ಗಲಿಲ್ಲ. ಪಾಸ್‌ಪೋರ್ಟಿನ ಪ್ರತಿ ನನ್ನ ಬೀರುವಿನಲ್ಲಿದೆ, ಹೈಕಮಿಷನ್ ನಂಬರ್ ಫ್ರಿಜ್ ಮೇಲೆ ಅಂಟಿಸಿದ್ದೇನೆ.

ಮುಂದಿನ ತಿಂಗಳು ಪ್ರಯಾಣ. ಅಲ್ಲಿ ಮೆಕ್ಕೆಜೋಳದ ಹಿಟ್ಟಿನಲ್ಲಿ ಮುದ್ದೆ ಥರದ 'ಉಗಾಲಿ' ಮಾಡ್ತಾರೆ ಅಂತ ಗೊತ್ತಾದ ಮೇಲೆ ಅಮ್ಮ ಸ್ವಲ್ಪ ಕರಗಿದ್ದಾರೆ. ಚಟ್ನಿಪುಡಿಯನ್ನು ಪ್ಲಾಸ್ಟಿಕ್ ಕವರಿಗೆ ತುಂಬುತ್ತಿದ್ದವರನ್ನು ನಾನೇ ತಡೆದೆ. ಕೀನ್ಯಾದಲ್ಲಿ 2017ರಿಂದ ಪ್ಲಾಸ್ಟಿಕ್ ಕೈಚೀಲಕ್ಕೆ ನಿಷೇಧ, ದಂಡವೂ ಜೋರು. ಈಗ ಸ್ಟೀಲ್ ಡಬ್ಬಿ ಹುಡುಕುತ್ತಿದ್ದಾರೆ. ದಿನಾ ರಾತ್ರಿ 9ಕ್ಕೆ ಫೋನ್ ಮಾಡಬೇಕು ಅಂತ ಕರಾರಾಗಿದೆ. ಆಗ ಅಲ್ಲಿ ಸಂಜೆ ಆರೂವರೆ, ಕತ್ತಲಾಗುವ ಹೊತ್ತು. ಅಷ್ಟರಲ್ಲಿ ಅವಳು ಮನೆ ಸೇರಿರಬೇಕು.