ಕಾಣೆಯಾದ ಕಿಟಕಿ ಪಕ್ಕದ ಪುಟದಲ್ಲಿ!

ಬ್ಯಾಂಕಿನಲ್ಲಿ ಲೆಡ್ಜರು ಬರೆದೇ ತಲೆ ನರೆತವನು ನಾನು. ಒಂದು ಲೆಡ್ಜರಿನ ಮೇಲೆ ಇನ್ನೊಂದನ್ನು ತೆರೆದಿಡಬಾರದು ಎಂಬುದು ನಮ್ಮ ಹೆಡ್ ಕ್ಲರ್ಕರ ಕಟ್ಟಪ್ಪಣೆ. ಒಬ್ಬರ ಹಣ ಇನ್ನೊಬ್ಬರ ಖಾತೆಗೆ ಹೋದೀತು!

ಕಂಪ್ಯೂಟರಿನ ಮುಂದೆ ಆ ಪಾಠ ಮರೆತೆ. ಮೊಮ್ಮಗಳು ಊರ ಕೆರೆಯ ಬಗ್ಗೆ ಪ್ರಬಂಧ ಟೈಪ್ ಮಾಡಿ ಊಟಕ್ಕೆ ಎದ್ದಿದ್ದಳು. ನಾನು ಪಿಂಚಣಿ ಲೆಕ್ಕ ನೋಡಲು ಕುಳಿತೆ. ಪರದೆಯ ಮೇಲೆ ಒಂದರ ಮೇಲೊಂದು ಏಳು ಕಿಟಕಿಗಳು. ಒಂದನ್ನು ಮುಚ್ಚಿದೆ. ‘ಉಳಿಸಬೇಕೇ?’ ಎಂದು ಕೇಳಿತು. ಓದದೆ ‘ಬೇಡ’ ಎಂದು ಒತ್ತಿದೆ. ಪ್ರಬಂಧ ಹೋಯಿತು. ಅವಳು ಅಳಲಿಲ್ಲ, ಮಾತು ಬಿಟ್ಟಳು.

ದಾರಿ ಹುಡುಕಿದೆ. ನಮ್ಮದು ಲಿನಕ್ಸ್ ಕಂಪ್ಯೂಟರು. ಅದರಲ್ಲಿ ಕಿಟಕಿಗಳನ್ನು ನೋಡಿಕೊಳ್ಳುವ ಮೇಸ್ತ್ರಿಗೆ ವಿಂಡೋ ಮ್ಯಾನೇಜರ್ ಎನ್ನುತ್ತಾರೆ. ನಮ್ಮಲ್ಲಿರುವುದು ಎಫ್‌ವಿಡಬ್ಲ್ಯುಎಂ, ರಾಬರ್ಟ್ ನೇಷನ್ ಎಂಬವರು 1993ರಲ್ಲಿ ಆರಂಭಿಸಿದ್ದು. ಒಂದೊಂದು ಕೆಲಸಕ್ಕೆ ಒಂದೊಂದು ಕೋಣೆ ಕೊಡುವ ‘ರೂಮ್ಸ್’ ಎಂಬುದನ್ನು ಜೆರಾಕ್ಸ್ ಸಂಶೋಧನಾ ಕೇಂದ್ರದ ಆಸ್ಟಿನ್ ಹೆಂಡರ್ಸನ್ ಮತ್ತು ಸ್ಟುವರ್ಟ್ ಕಾರ್ಡ್ 1986ರಲ್ಲೇ ವಿವರಿಸಿದ್ದರು. ಇಲ್ಲಿ ಆ ಕೋಣೆಗಳಿಗೆ ‘ಪೇಜ್’ ಎಂದು ಹೆಸರು. ಪರದೆ ಒಂದೇ, ಪುಟಗಳು ಹಲವು.

ಸೆಟ್ಟಿಂಗ್ ಫೈಲಿನಲ್ಲಿ ಅಡ್ಡಕ್ಕೆ ಎರಡು, ಉದ್ದಕ್ಕೆ ಎರಡು, ಒಟ್ಟು ನಾಲ್ಕು ಪುಟ ಮಾಡಿದೆ. ಎಫ್5 ಕೀಲಿ ಒತ್ತಿದರೆ ಪ್ರಬಂಧದ ಕಿಟಕಿ ಮೊದಲ ಪುಟದಲ್ಲಿರಲಿ ಎಂದು ‘ಮೂವ್‌ಟುಪೇಜ್ 1 1’ ಎಂದು ಬರೆದೆ. ಮೊಮ್ಮಗಳು ಮತ್ತೆ ಬರೆಯುತ್ತಿದ್ದಾಗ ಒತ್ತಿ ತೋರಿಸಿದೆ. ಕಿಟಕಿ ಮಾಯ!

“ತಾತಾ, ಮತ್ತೆ ಕಳೆದುಬಿಟ್ಟೆಯಾ?”

ಎರಡು ದಿನಗಳ ನಂತರ ಅವಳಾಡಿದ ಮೊದಲ ಮಾತು. ಎದೆ ಧಸಕ್ಕೆಂದಿತು. ಆದರೆ ಮೂಲೆಯಲ್ಲಿದ್ದ ‘ಪೇಜರ್’ ಎಂಬ ಪುಟ್ಟ ನಕ್ಷೆಯಲ್ಲಿ ಅವಳೇ ಕಿಟಕಿಯನ್ನು ಪತ್ತೆಹಚ್ಚಿದಳು. ಅದು ಬಲಗಡೆಯ ಕೆಳಪುಟದಲ್ಲಿತ್ತು. ಕಂಪ್ಯೂಟರು ಎಣಿಕೆ ಶುರುಮಾಡುವುದು 0ಯಿಂದ, ನಮ್ಮ ಹಾಗೆ 1ರಿಂದಲ್ಲ. ಎಡಗಡೆಯ ಮೇಲಿನ ಪುಟ 0 0, ಅದರ ಬಲಕ್ಕೆ 1 0, ಕೆಳಕ್ಕೆ 0 1.

ಇಬ್ಬರೂ ಸೇರಿ ತಿದ್ದಿದೆವು. ಎಫ್5 ಒತ್ತಿದರೆ ಅವಳ ಪ್ರಬಂಧ 0 0ಗೆ, ಎಫ್6 ಒತ್ತಿದರೆ ನನ್ನ ಪಿಂಚಣಿ 1 0ಗೆ. ಕಿಟಕಿ ಹೋದರೂ ನಮ್ಮ ನೋಟ ಇದ್ದಲ್ಲೇ ಇರುತ್ತದೆ. ಹಿಂದೆಯೇ ಹೋಗಬೇಕಾದರೆ ‘ಗೋಟುಪೇಜ್’ ಎಂಬ ಇನ್ನೊಂದು ಆಜ್ಞೆ ಬೇಕು.

ಮಕ್ಕಳೇ, ಪುಟ ಬದಲಿಸಿದ ಮಾತ್ರಕ್ಕೆ ಬರೆದದ್ದು ಉಳಿಯುವುದಿಲ್ಲ. ಏಳುವ ಮುನ್ನ ಸೇವ್ ಮಾಡಿ. ತಾತಂದಿರೇ, ಒತ್ತುವ ಮುನ್ನ ಓದಿ.

ಪ್ರಬಂಧ ಈಗ ಮುಗಿದಿದೆ. ನಾನು ಆ ಕೆರೆಯಲ್ಲಿ ಈಜು ಕಲಿತ ಕಥೆಯೂ ಈ ಸಲ ಅದರಲ್ಲಿ ಸೇರಿದೆ.